ಗಿಟಾರಿನೊಳಗಿನ ನೊಣ

ವಾದ್ಯದಂಗಡಿಯ ಹಿಂಬಾಗಿಲಲ್ಲಿ ನಿಂತು ಕತ್ತೆತ್ತಿದರೆ ಮಹಡಿಯ ಕಿಟಕಿಯಿಂದ ಒಂದು ಹಗ್ಗ ಇಳಿಬಿದ್ದಿರುವುದು ಕಾಣುತ್ತದೆ. ತುದಿಯಲ್ಲಿ ಒಂದು ಕೊಕ್ಕೆ. ಮೊದಲ ಸಲ ನೋಡಿದವರು ಇಲ್ಲೆಲ್ಲೋ ಬಾವಿ ಇರಬೇಕು ಅಂದುಕೊಳ್ಳುತ್ತಾರೆ. ಅವರ ಊಹೆ ಪೂರ್ತಿ ಸುಳ್ಳೂ ಅಲ್ಲ. ಬಾವಿಕಟ್ಟೆಯ ಮೇಲೆ ನಿಂತು ನೀರು ಸೇದುವ ಹಾಗೆ ಆ ಕಿಟಕಿಯಲ್ಲಿ ನಿಂತು ಗಿಟಾರ್ ಸೇದುವವನೊಬ್ಬನಿದ್ದ. ಹೇಳಹೊರಟಿರುವುದು ಅವನ ಕಥೆ. ಇದರಲ್ಲಿ ರಾಜನೂ ಇಲ್ಲ, ರಾಕ್ಷಸನೂ ಇಲ್ಲ. ಆರು ತಂತಿ, ಒಂದು ಕತ್ತು, ಒಂದು ಕೆಟ್ಟ ಸದ್ದು, ಅಷ್ಟೇ. ಅಷ್ಟು ಸಾಕು ಅನ್ನುವವರು ಕೂತು ಕೇಳಿ.

ಅಂಗಡಿಗೆ ಬಂದುಹೋಗುವವರೆಲ್ಲ ಅವನನ್ನು ಮಹಡಿಯಣ್ಣ ಅನ್ನುತ್ತಿದ್ದರು. ಹಾಗಂದವರಲ್ಲಿ ಅವನನ್ನು ಕಣ್ಣಾರೆ ಕಂಡವರು ಬಹಳ ಕಡಿಮೆ. ಕೆಳಗಿನ ಅಂಗಡಿ ಅವನ ಅಕ್ಕನ ಗಂಡನದು. ಅಕ್ಕ ಇದ್ದ ಕಾಲದಲ್ಲಿ ರಿಪೇರಿಯ ಗಿಟಾರುಗಳು ಅವಳ ಹೆಗಲೇರಿ ಮೆಟ್ಟಿಲು ಹತ್ತಿ ಬರುತ್ತಿದ್ದವು. ಬರುವಾಗ ಜೊತೆಗೆ ಬೀದಿಯ ಸುದ್ದಿಯನ್ನೂ ತರುತ್ತಿದ್ದವು. ಅಕ್ಕನಿಗೆ ಮಾತೆಂದರೆ ಉಸಿರಾಟ. ತಮ್ಮನ ಪಾಲಿನ ಮಾತನ್ನೂ ಗಂಡನ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು. ಹೀಗಾಗಿ ಆ ಇಬ್ಬರು ಗಂಡಸರಿಗೆ ಒಬ್ಬರ ಹತ್ತಿರ ಒಬ್ಬರು ಮಾತಾಡುವುದನ್ನು ಕಲಿಯುವ ಪ್ರಸಂಗವೇ ಬರಲಿಲ್ಲ. ಆಮೇಲೆ ಅಕ್ಕ ಹೋದಳು. ಭಾವನ ಮೊಣಕಾಲು ಹೋಯಿತು. ಹಗ್ಗ ಬಂತು.

ಭಾವ ಕೆಳಗಿನಿಂದ ಗಿಟಾರಿನ ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ, "ಎಳಿಯಪ್ಪಾ ಬಾಮೈದ, ಇದಕ್ಕೆ ಕತ್ತು ನೋವಂತೆ," ಅಂತ ಕೂಗುವುದು, ಇವನು ಎಳೆದುಕೊಳ್ಳುವುದು, ಕೆಲಸ ಮುಗಿದ ಮೇಲೆ, "ಭಾವ, ಬಿಡ್ತಾ ಇದೀನಿ," ಅಂತ ಇಳಿಸುವುದು. ಇಬ್ಬರ ನಡುವಿನ ಮಾತುಕತೆ ಹೆಚ್ಚುಕಡಿಮೆ ಇಷ್ಟೇ. ಇಬ್ಬರಲ್ಲೂ ಜಗಳವಿರಲಿಲ್ಲ. ಜಗಳಕ್ಕಾದರೂ ಎದುರುಬದುರು ಆಗಬೇಕಲ್ಲ.

ಮಹಡಿಯ ಕೋಣೆಯೇ ಅವನ ಕಾರ್ಖಾನೆ, ಅದೇ ಮನೆ. ಕಿಟಕಿಯ ಪಕ್ಕ ಉದ್ದದ ಮೇಜು, ಅದರ ಮೇಲೆ ಹಳೆಯ ಕಂಬಳಿಯ ಹಾಸು, ಗೋಡೆಗೆ ಮೊಳೆ ಹೊಡೆದು ಸಾಲಾಗಿ ತೂಗುಹಾಕಿದ ಅರ, ಇಕ್ಕಳ, ಅಲೆನ್ ಕೀಗಳು. ಆ ಕಡೆ ಮಂಚ, ಒಲೆ. ಒಂದು ಸಣ್ಣ ಆಂಪ್ಲಿಫೈಯರ್ ಇತ್ತು. ಅದರ ಬಾಯಿ ಯಾವತ್ತೂ ಮುಚ್ಚಿರುತ್ತಿತ್ತು, ಏಕೆಂದರೆ ಅವನು ಹೆಡ್‌ಫೋನ್ ಹಾಕಿಕೊಂಡೇ ಕೇಳುವುದು. ಅದಕ್ಕೊಂದು ಕಾರಣವಿತ್ತು. ಪಕ್ಕದ ಗೋಡೆಯಾಚೆ ಒಬ್ಬ ಅಜ್ಜ ವಾಸವಾಗಿದ್ದ. ಇವನು ಈ ಕೋಣೆಗೆ ಬಂದ ಹೊಸದರಲ್ಲಿ ತಂತಿ ಸ್ವಲ್ಪ ಜೋರಾಗಿ ಮಿಡಿದರೂ ಸಾಕು, ಅಜ್ಜ ಊರುಗೋಲಿನಿಂದ ಗೋಡೆಗೆ ಗುದ್ದುತ್ತಿದ್ದ. ಬೈಗುಳ ಇಲ್ಲ, ಕೂಗಾಟ ಇಲ್ಲ, ಗುದ್ದು ಮಾತ್ರ. ಇವನೋ ಜಗಳವೆಂದರೆ ಮಾರುದೂರ ಓಡುವ ಪೈಕಿ. ಕೈಯನ್ನು ಮೆಲ್ಲಗೆ ಮಾಡಿಕೊಂಡ. ಇನ್ನೂ ಮೆಲ್ಲಗೆ ಮಾಡಿಕೊಂಡ. ಕೊನೆಗೆ ತಂತಿಗೆ ಕಚಗುಳಿ ಇಟ್ಟ ಹಾಗೆ ನುಡಿಸುವ ಅಭ್ಯಾಸವಾಯಿತು. ಅಜ್ಜ ತೀರಿಕೊಂಡು ವರ್ಷಗಳೇ ಆಗಿದ್ದವು. ಆ ಮನೆಯಲ್ಲಿ ಈಗ ಯಾರೋ ರಟ್ಟಿನ ಪೆಟ್ಟಿಗೆಗಳನ್ನು ತುಂಬಿ ಬೀಗ ಹಾಕಿಕೊಂಡು ಹೋಗಿದ್ದರು. ಕೈ ಮಾತ್ರ ಇನ್ನೂ ಅಜ್ಜನಿಗೆ ಹೆದರುತ್ತಿತ್ತು.

ಮಹಡಿಯಣ್ಣನಿಗೆ ನೆಂಟರಿಷ್ಟರು ಅಂತ ಯಾರೂ ಇರಲಿಲ್ಲವೇ ಅಂದರೆ, ಗಿಟಾರುಗಳೇ ನೆಂಟರು. ಮುಖ ನೋಡದ ಊರನ್ನೆಲ್ಲ ಅವನು ಕೈಯ ಗುರುತಿನಿಂದ ಬಲ್ಲವನಾಗಿದ್ದ. ತಂತಿ ಬೇಗ ಕಪ್ಪಾಗಿದ್ದರೆ, ಇವರ ಕೈ ಬೆವರುತ್ತೆ, ಅಂಜುಬುರುಕರು ಅನ್ನುವನು. ಕತ್ತಿನ ತುದಿಯ ಲೋಹದ ಪಟ್ಟಿಗಳಷ್ಟೇ ಸವೆದಿದ್ದರೆ, ಇವರು ಮೂರೇ ಹಾಡು ಕಲಿತು ನಿಲ್ಲಿಸಿದವರು. ಚೀಲದೊಳಗೆ ಬಿಸ್ಕತ್ತಿನ ಪುಡಿ ಇದ್ದರೆ ಮನೆಯಲ್ಲಿ ಮಕ್ಕಳಿವೆ. ಹೀಗೆ ಒಂದೊಂದಕ್ಕೂ ಒಂದೊಂದು ಮುಖ ಕಟ್ಟಿಕೊಂಡು, ಕೆಲಸ ಮಾಡುತ್ತಾ ಅವರ ಜೊತೆ ಮನಸ್ಸಿನಲ್ಲೇ ಮಾತಾಡುತ್ತಿದ್ದ. "ಏನಮ್ಮ, ಈ ಸಲ ಬೇಗ ಬಂದೆ," ಅನ್ನುವನು. "ತಂತಿ ಬದಲಿಸು ಅಂದಿದ್ದೆ, ಬದಲಿಸಿಲ್ಲ ನೋಡು," ಅನ್ನುವನು. ಗಿಟಾರು ಹಗ್ಗದಲ್ಲಿ ಇಳಿದು ಹೋದ ಮೇಲೆ ಕೋಣೆಯಲ್ಲಿ ಸ್ವಲ್ಪ ಹೊತ್ತು ನೆಂಟರು ಹೊರಟುಹೋದ ಮೇಲಿನ ಖಾಲಿತನ ಇರುತ್ತಿತ್ತು. ಅದಕ್ಕೇ ಅವನು ಯಾವಾಗಲೂ ಒಂದಾದರೂ ಗಿಟಾರನ್ನು ಮೇಜಿನ ಮೇಲೆ ಉಳಿಸಿಕೊಂಡು, ಉಳಿದವನ್ನು ಕೆಳಗೆ ಬಿಡುತ್ತಿದ್ದ.

ಇಂಥವನ ಮೇಜಿಗೆ ಒಂದು ದಿನ ಕೆಂಪು ಬಣ್ಣದ ಎಲೆಕ್ಟ್ರಿಕ್ ಗಿಟಾರೊಂದು ಬಂತು. "ಝರ್ರ್ ಅನ್ನುತ್ತಂತೆ," ಅಂತ ಕೆಳಗಿನಿಂದ ಭಾವ ಕೂಗಿದ.

ತಂತಿ ಝರ್ರ್ ಅನ್ನುವುದು ಹೊಟ್ಟೆನೋವು ಇದ್ದ ಹಾಗೆ. ನೋವು ಒಂದೇ, ಕಾರಣ ನೂರು. ಎಲ್ಲಿ ನೋಯುತ್ತೆ ಅಂತ ಒತ್ತಿ ಒತ್ತಿ ನೋಡಬೇಕು. ಗಿಟಾರಿನ ಕತ್ತಿನ ಮೇಲೆ ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳಿವೆಯಲ್ಲ, ಅವೇ ಫ್ರೆಟ್ಟುಗಳು. ಕಂಪಿಸುವ ತಂತಿ ಅವಕ್ಕೆ ತಗುಲಿದರೆ ಝರ್ರ್. ಬೆರಳೇ ಇಡದೆ ಬಿಟ್ಟ ತಂತಿ ಮಾತ್ರ ಹಾಗೆ ಅಂದರೆ, ಕತ್ತಿನ ತುದಿಯ ಬಿಳಿ ಪಟ್ಟಿಯಲ್ಲಿ ತಂತಿ ಕೂರುವ ಗೀಟು ಸವೆದಿದೆ ಅಂತ. ತಲೆಯ ಕಡೆಯ ಫ್ರೆಟ್ಟುಗಳಲ್ಲಿ ಬಂದರೆ ಕತ್ತು ತೀರಾ ನೆಟ್ಟಗಾಗಿದೆ. ಒಡಲ ಕಡೆ ಬಂದರೆ, ಕೆಳಗೆ ತಂತಿಯನ್ನು ಹೊತ್ತಿರುವ ಪುಟ್ಟ ಕುದುರೆಗಳು ತಗ್ಗಿವೆ. ಒಂದೇ ಜಾಗದಲ್ಲಿ ಬಂದರೆ ಅದರ ಪಕ್ಕದ ಫ್ರೆಟ್ಟು ತಲೆ ಎತ್ತಿದೆ. ಯಾವುದೂ ಅಲ್ಲದಿದ್ದರೆ ಎಲ್ಲೋ ಒಂದು ತಿರುಪು ಸಡಿಲವಾಗಿದೆ.

ಕತ್ತಿನ ವಿಷಯ ಬಂದಾಗ ಒಂದು ಮಾತು. ಗಿಟಾರಿನ ಕತ್ತು ಗೆರೆ ಎಳೆದ ಹಾಗೆ ನೆಟ್ಟಗಿರಬೇಕು ಅಂತ ಬಹಳ ಜನ ತಿಳಿದಿರುತ್ತಾರೆ. ಹಾಗಿದ್ದರೆ ತಂತಿಗೆ ಓಲಾಡಲು ಜಾಗ ಸಾಲದು. ಕೂದಲೆಳೆಯಷ್ಟು ಬಾಗಿರಬೇಕು. ಕತ್ತಿನೊಳಗೆ ಒಂದು ಉಕ್ಕಿನ ಸರಳು ಇರುತ್ತದೆ, ಅದನ್ನು ಬಿಗಿದರೆ ಕತ್ತು ಸೆಟೆಯುತ್ತದೆ, ಸಡಿಲಿಸಿದರೆ ಬಾಗುತ್ತದೆ. "ನಿಮ್ಮ ಭಾವನ ಕತ್ತಲ್ಲೂ ಅಂಥದ್ದೊಂದು ಸರಳಿದ್ದಿದ್ರೆ ನಾನೂ ಸ್ವಲ್ಪ ಸಡಿಲಿಸ್ತಿದ್ದೆ," ಅಂತ ಅಕ್ಕ ನಗುತ್ತಿದ್ದಳು.

ಮಹಡಿಯಣ್ಣ ಕೆಂಪು ಗಿಟಾರನ್ನು ಕಂಬಳಿಯ ಮೇಲೆ ಮಲಗಿಸಿ ಒಂದೊಂದೇ ನೋಡಿದ. ಒಡಲ ಮೇಲೆ, ತಂತಿಗಳ ಕೆಳಗೆ, ಮಿಡಿಯುವ ಪ್ಲಾಸ್ಟಿಕ್ ಬಿಲ್ಲೆ ತಾಗಿ ತಾಗಿ ಬಣ್ಣ ಕಿತ್ತು ಮರ ಕಾಣುವಷ್ಟು ಗೀರುಗಳಿದ್ದವು. ಬೆಕ್ಕು ಪರಚಿದ ಹಾಗೆ. "ಯಾರೋ ಸಿಟ್ಟಿನ ಹುಡುಗ," ಅಂದುಕೊಂಡ. "ಮನೆಯಲ್ಲಿ ಅಪ್ಪನ ಮೇಲೆ ತೋರಿಸಲಾಗದ್ದನ್ನು ಇದರ ಮೇಲೆ ತೋರಿಸ್ತಾನೆ." ಗಡ್ಡ ಬಿಟ್ಟ, ಕಣ್ಣು ಕೆಂಪಗಿನ ಒಂದು ಮುಖವನ್ನೂ ಕಟ್ಟಿಕೊಂಡ. ಗೀರುಗಾಯದವನು ಅಂತ ಕರೆದ. ಮೊಂಡಾದ ಪುಟ್ಟ ಉಕ್ಕಿನ ಪಟ್ಟಿಯೊಂದನ್ನು ಮೂರು ಮೂರು ಫ್ರೆಟ್ಟುಗಳ ಮೇಲಿಟ್ಟು, ಕುಂಟುವ ಮೇಜಿನ ಹಾಗೆ ಟಕಟಕ ಅನ್ನುತ್ತದೆಯೇ ನೋಡಿದ. ಒಂದು ಕಡೆ ಒಂಚೂರು ಅಂದಿತು. ಅರದಲ್ಲಿ ತೀಡಿ ಮಟ್ಟ ಮಾಡಿದ. ಹೆಡ್‌ಫೋನ್ ಹಾಕಿಕೊಂಡು ಎಲ್ಲ ತಂತಿಯ ಎಲ್ಲ ಸ್ವರವನ್ನೂ ನುಡಿಸಿದ. ಹಾಲು ಸುರಿದ ಹಾಗಿತ್ತು. ಕೆಳಗೆ ಬಿಟ್ಟ.

ಸ್ವಲ್ಪ ದಿನದಲ್ಲೇ ಗೀರುಗಾಯದವನು ವಾಪಸ್ ಬಂದ. ಝರ್ರ್ ಹಾಗೇ ಇದೆಯಂತೆ.

ಮಹಡಿಯಣ್ಣ ಈ ಸಲ ತಿರುಪುಗಳನ್ನೆಲ್ಲ ಬಿಗಿದ, ತಲೆಯ ಮೇಲಿನ ಬಿರಡೆಗಳನ್ನು ಬಿಚ್ಚಿ ಕೂರಿಸಿದ, ಬಿಳಿ ಪಟ್ಟಿಯನ್ನೇ ಹೊಸದಾಗಿ ಕೊರೆದು ಹಾಕಿದ. ನುಡಿಸಿದ. ಒಂದು ಸೊಳ್ಳೆಯ ಸದ್ದೂ ಇಲ್ಲ. ಊರಿನವರೆಲ್ಲ ಅವನ ಕೈಯ ಗಿಟಾರ್ ಬೆಣ್ಣೆ, ಬೆರಳು ಇಟ್ಟರೆ ಇಳಿಯುತ್ತೆ ಅಂತ ಹೊಗಳುವುದು ಸುಮ್ಮನೆ ಅಲ್ಲ, ತಂತಿಯನ್ನು ಫ್ರೆಟ್ಟಿಗೆ ಅಷ್ಟು ಹತ್ತಿರ ತಂದು, ತಗುಲದಂತೆ ನಿಲ್ಲಿಸುವುದೇ ಅವನ ಹೆಗ್ಗಳಿಕೆ. ಅದೇ ಬೆಣ್ಣೆಯನ್ನು ಇದಕ್ಕೂ ಸವರಿ ಇಳಿಸಿದ.

ಮೂರನೇ ಸಲ ಭಾವ ಕೆಳಗಿನಿಂದ ಕೂಗಿದಾಗ ದನಿ ಬೇರೆಯಾಗಿತ್ತು.

"ಏನಪ್ಪಾ ಬಾಮೈದ, ನಿನ್ನ ನೆಂಟ ಮತ್ತೆ ಬಂದಿದ್ದಾನೆ. ಜನ ಮಾವನ ಮನೆಗೂ ಇಷ್ಟು ಸಲ ಹೋಗಲ್ಲ."

"ಕೊಕ್ಕೆಗೆ ಹಾಕಿ ಭಾವ, ನೋಡ್ತೀನಿ."

"ಹಾಕಲ್ಲ."

ಮಹಡಿಯಣ್ಣ ಕಿಟಕಿಯಿಂದ ಬಗ್ಗಿ ನೋಡಿದ. ಭಾವ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ತಲೆಯ ನಡುವಿನ ಬೋಳು ಮೇಲಿನಿಂದ ಕಳೆದ ಸಲಕ್ಕಿಂತ ದೊಡ್ಡದಾಗಿ ಕಂಡಿತು.

"ಸರಿ ಇದೆ ಅಂತ ನೀನು ಮೇಲೆ ಹೇಳ್ತೀಯ, ಸರಿ ಇಲ್ಲ ಅಂತ ಅವರು ಕೆಳಗೆ ಹೇಳ್ತಾರೆ. ನಾನೇನು ಮದ್ದಳೆಯಾ, ಎರಡೂ ಕಡೆಯಿಂದ ಹೊಡೆಸಿಕೊಳ್ಳೋಕೆ? ಈ ಸಲ ಗಿಟಾರ್ ಒಂದೇ ಬರಲ್ಲ. ನುಡಿಸೋರೂ ಬರ್ತಾರೆ."

"ಅವರು ಯಾಕೆ ಭಾವ? ನುಡಿಸೋದರಲ್ಲೇ ಏನೋ ತಪ್ಪಿರಬೇಕು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

"ಆ ಗಾದೆಯನ್ನ ಅವರ ಮುಖಕ್ಕೇ ಹೇಳು, ನಾನೂ ಕೇಳಿಸಿಕೊಳ್ತೀನಿ. ನೋಡು, ನನಗೂ ಸಾಕಾಗಿದೆ. ಇದೊಂದು ನಿನ್ನ ಕೈಲಾಗಲಿಲ್ಲ ಅಂದ್ರೆ ರಿಪೇರಿ ತಗೊಳ್ಳೋದೇ ನಿಲ್ಲಿಸಿಬಿಡ್ತೀನಿ. ತಂತಿ ಮಾರ್ತೀನಿ, ಹಾಯಾಗಿರ್ತೀನಿ. ನಾಳೆ ಮಧ್ಯಾಹ್ನ ಕಳಿಸ್ತೀನಿ. ಕೊಕ್ಕೆಗೆ ಹಾಕಿ ಎಳೆಸಲಾ, ಮೆಟ್ಟಿಲು ಹತ್ತಿಸಲಾ, ನೀನೇ ಹೇಳು."

ಭಾವ ತಮಾಷೆಯ ಮನುಷ್ಯ, ಆದರೆ ಹೇಳಿದ್ದನ್ನು ಮಾಡುವವನು. ಮಹಡಿಯಣ್ಣ ಹಗ್ಗವನ್ನು ಬರಿಗೈಯಲ್ಲಿ ಮೇಲಕ್ಕೆಳೆದುಕೊಂಡ. ಕೊಕ್ಕೆ ಗೋಡೆಗೆ ತಾಗುತ್ತಾ ಹಗುರವಾಗಿ ಬಂತು. ಗಿಟಾರುಗಳು ಬರುವುದು ನಿಂತರೆ ಈ ಕೋಣೆಗೆ ಇನ್ನು ಯಾರು ಬರುತ್ತಾರೆ? ಕಪ್ಪು ತಂತಿಯ ಅಂಜುಬುರುಕಿ ಬರುವುದಿಲ್ಲ, ಮೂರು ಹಾಡಿನವನು ಬರುವುದಿಲ್ಲ, ಬಿಸ್ಕತ್ತಿನ ಪುಡಿಯವರು ಬರುವುದಿಲ್ಲ. ಅವನು ಕೋಣೆಯನ್ನು ಗುಡಿಸಿದ. ಆಮೇಲೆ ತಿಳಿಯಿತು, ಬರುವವರನ್ನು ಕೂರಿಸಲು ಎರಡನೆಯ ಕುರ್ಚಿಯೇ ಇರಲಿಲ್ಲ. ಮಂಚದ ಕೆಳಗಿದ್ದ ಮರದ ಪೆಟ್ಟಿಗೆಯನ್ನು ಎಳೆದು, ಅದರ ಮೇಲೆ ಟವಲು ಹಾಸಿದ. ಅಡ್ಡ ಹಾಸಿದ, ತೆಗೆದು ಉದ್ದ ಹಾಸಿದ.

ಮರುದಿನ ಮಧ್ಯಾಹ್ನ ಟಕಟಕ ಸದ್ದಾದಾಗ ಅವನು ಮೊದಲು ಗೋಡೆಯ ಕಡೆ ತಿರುಗಿದ. ಎರಡನೆಯ ಸಲ ಕೇಳಿದಾಗ ಬಾಗಿಲು ಅಂತ ಗೊತ್ತಾಯಿತು.

ಬಾಗಿಲಲ್ಲಿ ನಿಂತಿದ್ದದ್ದು ಐವತ್ತು ದಾಟಿದ ಗಿಡ್ಡ ಹೆಂಗಸು. ತೋಳು ಮಡಿಸಿದ ನೀಲಿ ಸಮವಸ್ತ್ರ. ಅಂಗೈ ಬೆಳ್ಳಗೆ ನೆನೆದು ನೆರಿಗೆಗಟ್ಟಿತ್ತು. ಮೈಯಿಂದ ಸೋಪಿನ ಪುಡಿಯ ವಾಸನೆ ಬರುತ್ತಿತ್ತು. ಬೆನ್ನ ಮೇಲೆ ಗಿಟಾರ್ ಮಗುವಿನ ಹಾಗೆ ಕೂತಿತ್ತು.

"ನೀವೇನಾ ಮಹಡಿಯಣ್ಣ? ನಾನು ಉದ್ದ ಗಡ್ಡದವರು ಅಂದ್ಕೊಂಡಿದ್ದೆ."

"ನಾನು ನಿಮ್ಮನ್ನ..." ಅಂದವನು ನಿಲ್ಲಿಸಿದ.

"ಏನಂದ್ಕೊಂಡಿದ್ರಿ? ಹೇಳಿ, ಬೈಯಲ್ಲ."

"ಗಂಡಸು ಅಂತ."

"ನಮ್ಮ ಸೂಪರ್‌ವೈಸರ್ರೂ ಹಾಗೇ ಅಂದ್ಕೊಂಡಿದ್ದಾರೆ. ಮೂಟೆ ಹೊರಿಸುವಾಗ ನೋಡಬೇಕು," ಅಂದಳು ಆಕೆ, ಪೆಟ್ಟಿಗೆಯ ಮೇಲೆ ಕೂತು. "ಆಸ್ಪತ್ರೆ ಹಿಂದೆ ದೊಡ್ಡ ಲಾಂಡ್ರಿ ಇದೆಯಲ್ಲ, ಅಲ್ಲಿ ನಾನು. ಹಾಸಿಗೆ ಬಟ್ಟೆಯೆಲ್ಲ ನಮ್ಮ ಹತ್ರಾನೇ ಬರೋದು. ತಂಗಿ ಮಗ ಬೇಜಾರಾಗಿ ಮೂಲೆಗೆ ಹಾಕಿದ್ದ ಗಿಟಾರ್ ಇದು. ಅವನಿಗೆ ಬೇಜಾರಾಯ್ತು, ನನಗೆ ಹಿಡಿಸ್ತು. ಊಟದ ಹೊತ್ತಲ್ಲಿ ನುಡಿಸ್ತೀನಿ. ಬಟ್ಟೆ ಮಡಿಸೋ ಮೇಜಿನವರೆಲ್ಲ ಹಾಡ್ತಾರೆ. ಈಗ ಈ ಸದ್ದು ಶುರುವಾದ ಮೇಲೆ ಹಾಡೋದು ಬಿಟ್ಟು ನಗ್ತಾರೆ. ನಿನ್ನ ಗಿಟಾರೊಳಗೆ ನೊಣ ಹೊಕ್ಕಿದೆ, ಅದಕ್ಕೂ ಒಂದು ತಟ್ಟೆ ಇಡು ಅಂತಾರೆ. ಎರಡು ಸಲ ಸರಿಯಾಯ್ತು ಸರಿಯಾಯ್ತು ಅಂತ ತಗೊಂಡು ಹೋಗಿ ನಗೆಪಾಟಲಾದೆ. ಮೂರನೇ ಸಲ ನನ್ನ ಕೈಲಾಗಲ್ಲ ಅಣ್ಣಾ."

ಇಷ್ಟು ಮಾತು ಆ ಕೋಣೆಯಲ್ಲಿ ಒಟ್ಟಿಗೆ ಕೇಳಿಬಂದು ಬಹಳ ಕಾಲವಾಗಿತ್ತು. ಮಹಡಿಯಣ್ಣ, "ನುಡಿಸಿ ನೋಡೋಣ," ಅಂದ. ಇಷ್ಟು ವರ್ಷದ ಕಸುಬಿನಲ್ಲಿ ಯಾರಿಗೂ ಅವನು ಆ ಮಾತು ಹೇಳಿರಲಿಲ್ಲ. ಹೇಳಲು ಎದುರಿಗೆ ಯಾರೂ ಇರುತ್ತಿರಲಿಲ್ಲವಲ್ಲ.

ಆಂಪ್ಲಿಫೈಯರಿನ ವೈರನ್ನು ಅವನು ಮುಂದೆ ಚಾಚಿದ. ಆಕೆ ಕೈಯಾಡಿಸಿ ಬೇಡವೆಂದಳು.

"ಅದೆಲ್ಲ ನಮ್ಮಲ್ಲಿ ಎಲ್ಲಿದೆ? ಇರೋ ಪ್ಲಗ್ಗೆಲ್ಲ ಮೆಶಿನ್ನಿಗೇ ಸಾಲಲ್ಲ. ಹಾಗೇ ನುಡಿಸ್ತೀನಿ."

ಎಲೆಕ್ಟ್ರಿಕ್ ಗಿಟಾರನ್ನು ವೈರಿಲ್ಲದೆ ನುಡಿಸಿದರೆ ಅದರ ದನಿ ಮುಚ್ಚಳದ ಕೆಳಗಿನ ದನಿ. ಅದನ್ನು ಒಗೆಯುವ ಮೆಶಿನ್ನುಗಳ ನಡುವೆ ಕೇಳಿಸಬೇಕೆಂದರೆ ಹೇಗೆ? ಆಕೆ ತೋರಿಸಿದಳು. ಬಿಲ್ಲೆಯನ್ನು ಹೆಬ್ಬೆರಳಲ್ಲಿ ಒತ್ತಿಹಿಡಿದು, ಮೊಣಕೈಯಿಂದ ಬೀಸಿ, ಹಾಸಿಗೆ ಬಟ್ಟೆ ಕೊಡವಿದ ಹಾಗೆ ಹೊಡೆದಳು. ಮೇಜಿನ ಮೇಲಿದ್ದ ಇಕ್ಕಳ ಕಂಪಿಸಿತು. ತೆಳ್ಳನೆಯ ತಂತಿಗಳು ಹಾವಿನ ಹಾಗೆ ಅಗಲಗಲ ಹೊರಳಿ ಹತ್ತಿರದಲ್ಲೇ ಕೂತಿದ್ದ ಫ್ರೆಟ್ಟುಗಳಿಗೆ ಬಡಿದವು. ಝರ್ರ್. ನೊಣವಲ್ಲ, ಕಣಜದ ಗೂಡು.

ಮಹಡಿಯಣ್ಣ ಗಿಟಾರಿನ ಒಡಲ ಮೇಲಿನ ಗೀರುಗಳನ್ನು ನೋಡಿದ. ಅವು ಮೊದಲ ದಿನದಿಂದ ಅಲ್ಲೇ ಇದ್ದವು, ಹೇಳಬೇಕಾದ್ದನ್ನು ಹೇಳುತ್ತಲೇ ಇದ್ದವು. ಅವನು ಅದನ್ನು ಸಿಟ್ಟು ಅಂತ ಓದಿಕೊಂಡಿದ್ದ.

"ಸ್ವಲ್ಪ ಮೆಲ್ಲಗೆ ನುಡಿಸಿ," ಅಂದ.

ಆಕೆ ಮೆಲ್ಲಗೆ ನುಡಿಸಿದಳು. ಝರ್ರ್ ಇಲ್ಲ.

"ಮೆಲ್ಲಗೆ ನುಡಿಸಿದ್ರೆ ಬರಲ್ಲ ನೋಡಿ."

"ಮೆಲ್ಲಗೆ ನುಡಿಸಿದ್ರೆ ಹಾಡೂ ಬರಲ್ಲ. ನನಗೇ ಕೇಳಲ್ಲ, ಅವರಿಗೆಲ್ಲಿ ಕೇಳಬೇಕು? ತಗೊಳ್ಳಿ, ನೀವು ಹೊಡೀರಿ."

ಅವನು ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಕೈಯೆತ್ತಿದ. ಜೋರಾಗಿಯೇ ಹೊಡೆಯಬೇಕು ಅಂತ ಎತ್ತಿದ ಕೈ ತಂತಿಯ ಹತ್ತಿರ ಬರುತ್ತಲೇ ತನ್ನಷ್ಟಕ್ಕೆ ನಿಧಾನವಾಗಿ, ತಂತಿಯನ್ನು ಸವರಿ ಹೋಯಿತು.

"ಇಷ್ಟೇನಾ? ಊಟ ಮಾಡಿಲ್ವಾ?"

"ಪಕ್ಕದಲ್ಲಿ ಒಬ್ಬರು ಅಜ್ಜ ಇದ್ರು."

"ಈಗ ಇದಾರಾ?"

"ಇಲ್ಲ."

"ಮತ್ತೆ?"

ಮಹಡಿಯಣ್ಣ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡ. ಈ ಕೋಣೆಯಿಂದ ಇಳಿದುಹೋದ ಗಿಟಾರುಗಳನ್ನೆಲ್ಲ ನೆನೆದ. ಒಂದೊಂದನ್ನೂ ಕೊನೆಗೆ ನುಡಿಸಿ ಒಪ್ಪಿದ್ದು ಈ ಕೈಯೇ. ಊರಿನವರಲ್ಲಿ ಹೆಚ್ಚಿನವರು ಕೋಣೆಯಲ್ಲಿ ಒಬ್ಬರೇ ಕೂತು ನುಡಿಸುವ ಮೆಲುಗೈಯವರು, ಅದಕ್ಕೇ ಹೊಗಳಿದರು, ಅದಕ್ಕೇ ತಪ್ಪು ಹೊರಬೀಳಲಿಲ್ಲ.

"ಅಮ್ಮಾ, ನೆಲ ಡೊಂಕಿರಲಿಲ್ಲ, ಕುಣಿತಾನೂ ತಪ್ಪಿರಲಿಲ್ಲ," ಅಂದ. "ನಿಮ್ಮ ಗಿಟಾರನ್ನ ನಾನು ನನ್ನ ಕೈಗೆ ಹೊಲಿದುಬಿಟ್ಟಿದ್ದೆ."

"ಹಾಗಾದ್ರೆ ಬಿಚ್ಚಿ ಹೊಲೀರಿ," ಅಂದಳು ಆಕೆ. "ಇವತ್ತು ಅರ್ಧ ದಿನ ರಜೆ ಹಾಕಿ ಬಂದಿದ್ದೀನಿ. ಕೂತಿರ್ತೀನಿ."

ಮಹಡಿಯಣ್ಣ ತೆಳ್ಳನೆಯ ತಂತಿಗಳನ್ನು ತೆಗೆದು ದಪ್ಪ ತಂತಿ ಹಾಕಿದ. ದಪ್ಪ ತಂತಿ ಬಿಗಿಯಾಗಿ ನಿಲ್ಲುತ್ತದೆ, ಅಷ್ಟು ಹೊರಳುವುದಿಲ್ಲ. ಬಿಳಿ ಪಟ್ಟಿಯ ಗೀಟುಗಳನ್ನು ಅದಕ್ಕೆ ತಕ್ಕಂತೆ ಅರದಲ್ಲಿ ಅಗಲಿಸಿದ. ಹೊಸ ತಂತಿಯ ಸೆಳೆತಕ್ಕೆ ಕತ್ತು ಮುಂದಕ್ಕೆ ಬಾಗಿತು. ಮೊದಲ ಫ್ರೆಟ್ಟನ್ನೂ ಕೊನೆಯ ಫ್ರೆಟ್ಟನ್ನೂ ಒಟ್ಟಿಗೆ ಒತ್ತಿ, ನಡುವೆ ತಂತಿಯ ಕೆಳಗೆ ಎಷ್ಟು ಬೆಳಕು ಕಾಣುತ್ತದೆ ಅಂತ ಕಣ್ಣು ಕಿರಿದಾಗಿಸಿ ನೋಡಿದ. ಸರಳನ್ನು ಒಂಚೂರು ಬಿಗಿದ, ಆದರೆ ಮೊದಲಿನಷ್ಟು ಅಲ್ಲ. ಆಕೆಗೆ ಕೊಟ್ಟ. ಆಕೆ ಹೊಡೆದಳು. ತಲೆಯ ಕಡೆ ಸದ್ದು ಹೋಗಿತ್ತು, ಒಡಲ ಕಡೆ ಇತ್ತು. ಕುದುರೆಗಳ ಪುಟ್ಟ ತಿರುಪುಗಳನ್ನು ತಿರುಗಿಸಿ ತಂತಿಗಳನ್ನು ಮೇಲೆತ್ತಿದ. ಮತ್ತೆ ಕೊಟ್ಟ. ಈಗ ಎಲ್ಲೂ ಇಲ್ಲ, ಆದರೆ ಬೆರಳಿಗೆ ಗಟ್ಟಿಯಾಯಿತು ಅಂದಳು. ಒಂದಿಷ್ಟು ಇಳಿಸಿದ. ಝರ್ರ್. ಅದರರ್ಧ ಏರಿಸಿದ.

ಹೀಗೆ ಗಿಟಾರು ಅವನ ತೊಡೆಯಿಂದ ಅವಳ ತೊಡೆಗೆ, ಅವಳ ತೊಡೆಯಿಂದ ಅವನ ತೊಡೆಗೆ ಓಡಾಡಿತು. ನಡುನಡುವೆ ಆಕೆ ಮಾತಾಡಿದಳು. ಮಡಿಸುವ ಮೇಜಿನ ಹೆಂಗಸರಲ್ಲಿ ಒಬ್ಬಳಿಗೆ ಶ್ರುತಿಯೇ ಇಲ್ಲವೆಂದೂ ಅವಳೇ ಎಲ್ಲರಿಗಿಂತ ಗಟ್ಟಿಯಾಗಿ ಹಾಡುವವಳೆಂದೂ, ಆಸ್ಪತ್ರೆಯ ಬಟ್ಟೆಯ ಜೇಬುಗಳಲ್ಲಿ ಏನೇನು ಸಿಗುತ್ತದೆಂದೂ, ಒಂದು ಸಲ ಯಾರದೋ ಹಲ್ಲಿನ ಸೆಟ್ಟೇ ಸಿಕ್ಕು, ಒಗೆದು ಹೊಳೆಯುತ್ತಿದ್ದದ್ದನ್ನು ವಾಪಸ್ ಕೊಟ್ಟಾಗ ಆ ಯಜಮಾನರು ಆಶೀರ್ವಾದ ಮಾಡಿದರೆಂದೂ ಹೇಳಿದಳು. ಮಹಡಿಯಣ್ಣ ನಕ್ಕ. ನಗು ಗಂಟಲಲ್ಲಿ ಮೊದಲು ಕೆಮ್ಮಿನ ಹಾಗೆ ಬಂತು. ಒಂದೇ ಲೋಟವಿತ್ತು. ಚಹಾ ಮಾಡಿ ಲೋಟವನ್ನು ಆಕೆಗೆ ಕೊಟ್ಟು, ತಾನು ಪಾತ್ರೆಯಿಂದಲೇ ಕುಡಿದ. ಕಿಟಕಿಯ ಕೆಳಗಿನಿಂದ ಭಾವ, "ಬದುಕಿದೀಯಾ?" ಅಂತ ಕೂಗಿದ. "ಇದೀನಿ ಭಾವ," ಅಂದ.

ಬಿಸಿಲು ಮೇಜಿನಿಂದ ಮಂಚದ ಕಡೆ ಸರಿಯುವ ಹೊತ್ತಿಗೆ ಕೆಲಸ ಒಂದು ಹದಕ್ಕೆ ಬಂತು. ಆಕೆ ಕೈ ತೊಳೆಯಲು ಎದ್ದಳು. ಆಗಲೇ ಮಹಡಿಯಣ್ಣನ ತಲೆಯಲ್ಲಿ ಒಂದು ಯೋಚನೆ ಸುಳಿದದ್ದು.

ಕುದುರೆಯ ತಿರುಪುಗಳನ್ನು ಎತ್ತರಕ್ಕೆ ನಿಲ್ಲಿಸಿದ ಮೇಲೆ ಅವು ಜಾರದಿರಲಿ ಅಂತ ರಿಪೇರಿಯವರು ಬುಡಕ್ಕೆ ಒಂದು ಹನಿ ಬಣ್ಣವಿಲ್ಲದ ನೇಲ್ ಪಾಲಿಶ್ ಬಿಡುತ್ತಾರೆ. ಅದು ಒಣಗಿದರೆ ತಿರುಪು ಕಚ್ಚಿಕೊಳ್ಳುತ್ತದೆ. ಬಿಡದಿದ್ದರೆ? ಸಾಮಾನ್ಯರ ಕೈಯಲ್ಲಿ ಏನೂ ಆಗುವುದಿಲ್ಲ. ಇಷ್ಟು ಜೋರಿನ ಕೈಯಲ್ಲಿ ಕಂಪಿಸಿ ಕಂಪಿಸಿ ತಿರುಪು ಎಳ್ಳೆಳ್ಳಷ್ಟು ಇಳಿಯುತ್ತದೆ. ಕೆಲವು ತಿಂಗಳು ಕಳೆದು ಒಂದು ದಿನ ಊಟದ ಹೊತ್ತಿನಲ್ಲಿ ಮತ್ತೆ ಝರ್ರ್. ಆಗ ಬಂದರೆ ಅದು ರಿಪೇರಿಯ ತಪ್ಪಲ್ಲ, ಜೋರಾಗಿ ನುಡಿಸಿದ್ದಕ್ಕೆ ತಿರುಪು ಸಡಿಲವಾಗಿದೆ ಅಂತ ಭಾವನೂ ಒಪ್ಪುತ್ತಾನೆ. ಬೈಯುವವರೇ ಇಲ್ಲ. ಆಕೆ ಮೆಟ್ಟಿಲು ಹತ್ತಿ ಬರುತ್ತಾಳೆ, ಪೆಟ್ಟಿಗೆಯ ಮೇಲೆ ಕೂರುತ್ತಾಳೆ. ಅಷ್ಟರಲ್ಲಿ ಇನ್ನೊಂದು ಲೋಟ ತಂದಿಡಬಹುದು.

ಸರಿಯಾಗಿ ರಿಪೇರಿಯಾದ ಗಿಟಾರು ಹಿಂತಿರುಗಿ ಬರುವುದಿಲ್ಲ. ಆ ಕಸುಬಿನ ಶಾಪವೋ ವರವೋ, ಅದು ಹಾಗೆಯೇ. ಚೆನ್ನಾಗಿ ಮಾಡಿದಷ್ಟೂ ಬಾಗಿಲು ಖಾಲಿ.

ಅವನು ಪುಟ್ಟ ಸೀಸೆಯನ್ನು ಕೈಯಲ್ಲಿ ಹಿಡಿದು ಕೂತೇ ಇದ್ದ. ನಲ್ಲಿಯ ನೀರಿನ ಸದ್ದು ನಿಂತಿತು. ಆಕೆ ಕೈಯನ್ನು ಸಮವಸ್ತ್ರಕ್ಕೆ ಒರೆಸಿಕೊಳ್ಳುತ್ತಾ ಬಂದು, "ನೇಲ್ ಪಾಲಿಶ್ ಯಾರದಣ್ಣಾ?" ಅಂದಳು.

"ಗಿಟಾರಿಂದು."

"ಪರವಾಗಿಲ್ಲ, ಯಾರಿಗೋ ಒಬ್ಬರಿಗಾದ್ರೂ ಹಚ್ಚುತ್ತೀರಲ್ಲ." ಆಮೇಲೆ ನಗು ನಿಲ್ಲಿಸಿ, "ನಾಳೆ ಊಟದ ಹೊತ್ತಿಗೆ ಎಲ್ಲರೂ ಕಾಯ್ತಿರ್ತಾರೆ, ನೊಣ ಇದೆಯೋ ಹೋಯ್ತೋ ಅಂತ. ಶ್ರುತಿ ಇಲ್ಲದವಳು ಪಂದ್ಯ ಬೇರೆ ಕಟ್ಟಿದ್ದಾಳೆ, ಇದ್ದೇ ಇರುತ್ತೆ ಅಂತ. ಇನ್ನು ಬರಲ್ಲ ತಾನೇ ಈ ಸದ್ದು?" ಅಂದಳು.

ಮಹಡಿಯಣ್ಣ ಸೀಸೆಯ ಮುಚ್ಚಳ ತಿರುಗಿಸಿದ. ಕಡ್ಡಿಯ ತುದಿಯಲ್ಲಿ ಒಂದು ಹನಿ ತೆಗೆದು ಒಂದು ತಿರುಪಿನ ಬುಡಕ್ಕೆ ಮುಟ್ಟಿಸಿದ, ಇನ್ನೊಂದಕ್ಕೆ ಮುಟ್ಟಿಸಿದ. ಆರು ಕುದುರೆಗಳ ಒಂದೊಂದು ತಿರುಪಿಗೂ ಮುಟ್ಟಿಸಿ, ಬಗ್ಗಿ ಊದಿದ.

"ಬರಲ್ಲ," ಅಂದ.

"ಯಾವಾಗಲೂ?"

"ತಂತಿ ಬದಲಿಸುವಾಗ ಇದೇ ದಪ್ಪದ್ದು ಹಾಕಿ. ಕೆಳಗೆ ಭಾವನ ಹತ್ರ ಸಿಗುತ್ತೆ. ಮೇಲೆ ಹತ್ತೋ ಕೆಲಸ ಇಲ್ಲ."

ಆಕೆ ಗಿಟಾರನ್ನು ಬೆನ್ನಿಗೇರಿಸಿಕೊಂಡಳು. "ಒಂದು ದಿನ ನಮ್ಮ ಕಡೆ ಬನ್ನಿ ಅಣ್ಣಾ, ಊಟದ ಹೊತ್ತಿಗೆ," ಅಂದಳು. ಬರುತ್ತೇನೆ ಅಂದ. ಆಕೆ ಮೆಟ್ಟಿಲಿಳಿದು ಹೋದಳು. ಸ್ವಲ್ಪ ಹೊತ್ತಿಗೆ ಕೆಳಗೆ ಅಂಗಡಿಯಲ್ಲಿ ಆಕೆ ಒಂದು ಸಲ ಬೀಸಿ ಹೊಡೆದದ್ದೂ, ಭಾವ, "ಅಬ್ಬಬ್ಬಾ, ಗಾಜು ಒಡೆದೀತು ತಾಯಿ," ಅಂದದ್ದೂ ಕೇಳಿಸಿತು. ಝರ್ರ್ ಇರಲಿಲ್ಲ. ರಿಪೇರಿ ನಿಲ್ಲಿಸುವ ಮಾತನ್ನು ಭಾವ ಮತ್ತೆ ಎತ್ತಲಿಲ್ಲ. ಗಿಟಾರುಗಳು ಎಂದಿನ ಹಾಗೆ ಹತ್ತುತ್ತಾ ಇಳಿಯುತ್ತಾ ಇದ್ದವು. ಈಗ ಒಂದೊಂದನ್ನು ಎಳೆದುಕೊಳ್ಳುವಾಗಲೂ ಮಹಡಿಯಣ್ಣ, "ಭಾವ, ಇವರು ಜೋರಾಗಿ ನುಡಿಸ್ತಾರಾ, ಮೆಲ್ಲಗೆ ನುಡಿಸ್ತಾರಾ? ಸ್ವಲ್ಪ ಮೇಲೆ ಕಳಿಸ್ತೀರಾ?" ಅಂತ ಕೇಳುತ್ತಿದ್ದ. "ಕೊಟ್ಟು ಹೋದ್ರಪ್ಪಾ, ಅವಸರದಲ್ಲಿದ್ರು," ಅಂತ ಭಾವ ಹೇಳುತ್ತಿದ್ದ. ಹೆಚ್ಚಿನವರು ಅವಸರದಲ್ಲೇ ಇರುತ್ತಿದ್ದರು.

ಒಂದು ಮಧ್ಯಾಹ್ನ ಅವನು ಬಟ್ಟೆ ಬದಲಿಸಿ, ಆಸ್ಪತ್ರೆಯ ಹಿಂದಿನ ಬೀದಿಗೆ ಹೋದ. ಲಾಂಡ್ರಿಯ ಉದ್ದನೆಯ ಗೋಡೆಯ ನಡುವೆ ಒಂದು ಕಬ್ಬಿಣದ ಬಾಗಿಲು, ಅರ್ಧ ತೆರೆದಿತ್ತು. ಒಳಗಿನಿಂದ ಹಬೆ ಬರುತ್ತಿತ್ತು. ಮೆಶಿನ್ನುಗಳ ಗುಡುಗಿನ ನಡುವೆ ಗಿಟಾರು ಕೇಳಿಸಿತು, ಅದರ ಮೇಲೆ ಹೆಂಗಸರ ಹಾಡು, ಹಾಡಿನ ಮೇಲೆ ಶ್ರುತಿ ಇಲ್ಲದ ಒಂದು ಗಟ್ಟಿ ದನಿ. ಮಹಡಿಯಣ್ಣ ಬಾಗಿಲ ಪಕ್ಕ ಗೋಡೆಗೊರಗಿ, ತಲೆ ತಗ್ಗಿಸಿ, ಕಣ್ಣು ಮುಚ್ಚಿ ಕಿವಿಗೊಟ್ಟ. ದಪ್ಪ ತಂತಿಗಳನ್ನು ಕೇಳಿದ, ಸಣ್ಣ ತಂತಿಗಳನ್ನು ಕೇಳಿದ. ಆಕೆ ಎಲ್ಲಕ್ಕಿಂತ ಜೋರಾಗಿ ಹೊಡೆಯುವ ಜಾಗ ಬಂದಾಗ ಉಸಿರು ಹಿಡಿದ.

ಬಕೆಟ್ಟಿನ ನೀರು ಚೆಲ್ಲಲು ಹೊರಗೆ ಬಂದ ಹುಡುಗಿಯೊಬ್ಬಳು ಅವನನ್ನು ಕಂಡು ನಿಂತಳು.

"ಯಾರು ಬೇಕಿತ್ತು?"

"ಯಾರೂ ಇಲ್ಲಮ್ಮ. ಗಿಟಾರಲ್ಲಿ ಒಂದು ಸದ್ದು ಬರ್ತಿತ್ತು. ಬರ್ತಿದೆಯಾ ಅಂತ ಕೇಳ್ತಿದ್ದೆ."

ಹುಡುಗಿಯೂ ಒಂದು ಗಳಿಗೆ ಕಿವಿಗೊಟ್ಟಳು.

"ಏನೂ ಬರ್ತಿಲ್ವಲ್ಲ."

"ಹೌದು. ಬರ್ತಿಲ್ಲ."

"ಬರದೇ ಇರೋ ಸದ್ದನ್ನ ಕೇಳೋಕೆ ಬಂದ್ರಾ?" ಅಂತ ನಕ್ಕು, ಖಾಲಿ ಬಕೆಟ್ಟನ್ನು ಸೊಂಟಕ್ಕಿಟ್ಟುಕೊಂಡು, "ಒಳಗೆ ಬನ್ನಿ, ಕೂತು ಕೇಳಿ," ಅಂದಳು.

"ಇಲ್ಲಮ್ಮ, ಕೆಲಸ ಇದೆ," ಅಂದ ಮಹಡಿಯಣ್ಣ.

ಹುಡುಗಿ ಒಳಗೆ ಹೋದಳು. ಅವನು ಹಾಡು ಮುಗಿಯುವವರೆಗೆ ಅಲ್ಲೇ ನಿಂತಿದ್ದು, ಆಮೇಲೆ ಗೋಡೆಯ ಪಕ್ಕದಲ್ಲೇ ನಡೆದುಕೊಂಡು ವಾಪಸ್ ಬಂದ. ಆ ದಿನ, ಎಂದೂ ಇಲ್ಲದ ಹಾಗೆ, ಅವನ ಮೇಜಿನ ಮೇಲೆ ಒಂದು ಗಿಟಾರೂ ಇರಲಿಲ್ಲ.